ರೂತಳ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು, ಅತ್ತೆ ಎದುರಿಗೇ ಕೂತಿರುತ್ತಾರೆ. ಏನು ಹೇಳಲಿ?

ಗುಳೇದಗುಡ್ಡದ ಸೊಸೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಸಭೆಯ ಮಹಿಳಾ ಕೂಟದಲ್ಲಿ ಮುಂದಿನ ತಿಂಗಳು ಮಾತಾಡುವ ಪಾಳಿ ನನ್ನದು. ಬೈಬಲಿನ ಹೆಣ್ಣುಮಕ್ಕಳಿಂದ ಏನು ಕಲಿಯಬಹುದು ಅನ್ನೋದು ವಿಷಯ. ಯಾರನ್ನು ಬೇಕಾದರೂ ಆರಿಸಿಕೋ ಎಂದರು ಕೂಟದವರು. ನಾನು ಇನ್ನೂ ಯೋಚಿಸುತ್ತಿದ್ದೆ, ಅಷ್ಟರಲ್ಲಿ ಅವರೇ "ರೂತಳನ್ನೇ ತಗೋಳವ್ವ, ಸೊಸೆಯಂದಿರು ಜಾಸ್ತಿ ಬರ್ತಾರೆ" ಎಂದುಬಿಟ್ಟರು. ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು.

ನನ್ನ ತವರು ಬೆಳಗಾವಿ. ಮದುವೆಯಾಗಿ ಗುಳೇದಗುಡ್ಡಕ್ಕೆ ಬಂದು ಹನ್ನೊಂದು ವರ್ಷ ಆಯಿತು. ನಮ್ಮ ಊರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1851ರಲ್ಲಿ, ಅಷ್ಟು ಹಳೇ ಸಭೆ ಇದು. ಆದರೆ ಈ ಹನ್ನೊಂದು ವರ್ಷದಲ್ಲಿ ರೂತಳ ಮೇಲೆ ನಾನು ಕೇಳಿದ ಪ್ರಸಂಗಗಳೆಲ್ಲ ಒಂದೇ ಅಚ್ಚಿನವು. ರೂತಳು ಒಳ್ಳೆಯ ಸೊಸೆ. ಅತ್ತೆಗೆ ಎದುರಾಡಲಿಲ್ಲ. ಅತ್ತೆ ಹೇಳಿದಂತೆ ಕೇಳಿದಳು. ದೇವರು ಆಶೀರ್ವದಿಸಿದ. ಪ್ರಸಂಗ "ಹೇಳಿದಂತೆ ಕೇಳಿದಳು" ಎಂಬಲ್ಲಿಗೆ ಬಂತು ಅಂದರೆ ಪಕ್ಕದಲ್ಲಿ ಕೂತ ನಮ್ಮ ಅತ್ತೆಯ ಮೊಣಕೈ ನನ್ನ ಪಕ್ಕೆಗೆ ಬರುತ್ತೆ. ಮೆಲ್ಲಗೇ ತಿವೀತಾರೆ, ಆದರೂ ತಿವೀತಾರೆ.

ಅತ್ತೆ ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾವ ಖಣ ನೇಯುತ್ತಿದ್ದರು, ತೀರಿಕೊಂಡು ನಾಲ್ಕು ವರ್ಷ. ಮಗ್ಗ ಇನ್ನೂ ಪಡಸಾಲೆಯಲ್ಲೇ ಇದೆ, ಮಾರಲು ಅತ್ತೆ ಒಪ್ಪಲ್ಲ. ಮಳೆಗಾಲದಲ್ಲಿ ಅದರ ಮೇಲೆ ಬಟ್ಟೆ ಒಣ ಹಾಕ್ತೀವಿ. ನನ್ನ ಗಂಡ ಗೋವಾದಲ್ಲಿ ಕೆಲಸಕ್ಕಿದ್ದಾರೆ, ತಿಂಗಳಿಗೊಮ್ಮೆ ಬರ್ತಾರೆ. ಮನೆಯಲ್ಲಿ ಇರೋದು ನಾನು, ಅತ್ತೆ, ಮಗಳು. ಜಗಳ ಆಗೋದು ರೊಟ್ಟಿಗೆ. ನಾನು ಚಪಾತಿ ಮಾಡಿದ ದಿನ ಅತ್ತೆ ತಾಟಿನ ಮುಂದೆ ಕೂತು "ಇದ್ಯಾಕ್ ಹೊಟ್ಟ್ಯಾಗ್ ನಿಲ್ತೈತಿ" ಅನ್ನುತ್ತಾರೆ. ಆಮೇಲೆ ನಾಲ್ಕು ತಿನ್ನುತ್ತಾರೆ.

ಇರಲಿ. ಪಾಳಿ ಬಂತಲ್ಲ ಅಂತ ಮೊನ್ನೆ ರಾತ್ರಿ ರೂತಳ ಪುಸ್ತಕ ಪೂರ್ತಿ ಓದಿದೆ. ನಾಲ್ಕೇ ಅಧ್ಯಾಯ, 85 ವಚನ. ಒಂದೇ ಸಲ ಕೂತರೆ ಮುಗಿಯುತ್ತೆ. ಓದುತ್ತಾ ಮೊದಲನೇ ಅಧ್ಯಾಯದಲ್ಲೇ ನಿಂತುಬಿಟ್ಟೆ. ಗಂಡ, ಇಬ್ಬರು ಗಂಡುಮಕ್ಕಳು ತೀರಿಕೊಂಡ ಮೇಲೆ ಮೋವಾಬ್ ದೇಶದಿಂದ ತನ್ನೂರು ಬೇತ್ಲೆಹೇಮಿಗೆ ಹೊರಟ ಅತ್ತೆ ನೊವೊಮಿ, ದಾರಿಯಲ್ಲಿ ರೂತಳು, ಒರ್ಪ ಇಬ್ಬರೂ ಸೊಸೆಯರಿಗೆ ತವರಿಗೆ ತಿರುಗಿ ಹೋಗಿ ಅಂತ ಹೇಳ್ತಾಳೆ. ಎಂಟನೇ ವಚನದಲ್ಲಿ ಒಮ್ಮೆ, ಹನ್ನೊಂದರಲ್ಲಿ ಒಮ್ಮೆ, ಹನ್ನೆರಡರಲ್ಲಿ ಒಮ್ಮೆ. ಒರ್ಪ ಅತ್ತೆಗೆ ಮುದ್ದಿಟ್ಟು ಹೋಗ್ತಾಳೆ. ಹದಿನೈದರಲ್ಲಿ ರೂತಳೊಬ್ಬಳಿಗೇ ಮತ್ತೆ ಹೇಳ್ತಾಳೆ. ನಾಲ್ಕು ಸಲ! ನಾಲ್ಕೂ ಸಲ ರೂತಳು ಕೇಳಲಿಲ್ಲ. "ನಿನ್ನನ್ನು ಬಿಟ್ಟು ಹೋಗು ಅಂತ ಒತ್ತಾಯ ಮಾಡಬೇಡ" ಅಂತ ಅತ್ತೆಗೇ ತಿರುಗಿ ಹೇಳಿದಳು.

ಅಂದರೆ ಅತ್ತೆಯ ಮಾತು ಕೇಳಿದ ಸೊಸೆ ಒರ್ಪ. ಕೇಳದವಳು ರೂತಳು. ಹೌದಲ್ವಾ?

ಇದನ್ನು ಕೂಟದಲ್ಲಿ ಹೇಳಿದರೆ ಅಧಿಕಪ್ರಸಂಗ ಆಗುತ್ತಾ? ಇನ್ನೊಂದು ಪ್ರಶ್ನೆ. ಎರಡನೇ ಅಧ್ಯಾಯದಲ್ಲಿ 'ಹಕ್ಕಲು' ಅಂತ ಬರುತ್ತಲ್ಲ, ನಾನು ಪೇಟೆಯಲ್ಲಿ ಬೆಳೆದವಳು, ಆ ಕೆಲಸ ಕಣ್ಣಿಂದ ನೋಡಿಲ್ಲ. ಯಾರಾದರೂ ನೋಡಿದವರು ಇದ್ದರೆ ಸ್ವಲ್ಪ ಹೇಳಿ.

ಸುಮ್ನೆ ಓದುವವ:

ಅಕ್ಕಾ, ಎಸ್ತೇರಳನ್ನು ತಗೊಳ್ಳಿ. ಅತ್ತೆಯೇ ಇಲ್ಲದ ಕಥೆ. ಹತ್ತು ಅಧ್ಯಾಯದಲ್ಲಿ ದೇವರ ಹೆಸರೂ ಬರಲ್ಲ, ಯಾರೂ ತಿವಿಯಲ್ಲ.

ಗುಳೇದಗುಡ್ಡದ ಸೊಸೆ:

ಎಸ್ತೇರಳು ಹೋದ ವರ್ಷ ಆದಳು ತಮ್ಮಾ. ರಾಣಿಯ ಸೀರೆ, ಒಡವೆ ಬಗ್ಗೆಯೇ ಇಪ್ಪತ್ತು ನಿಮಿಷ ಹೋಯಿತು.

ಡೋಣಿ ದಂಡೆಯ ಟೀಚರ್:

ನಾನು ವಿಜಯಪುರದ ಕಡೆಯವಳು, ರಿಟೈರ್ ಆದ ಶಾಲೆ ಟೀಚರ್. "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಅನ್ನುತ್ತಾರಲ್ಲ, ಆ ಡೋಣಿ ಹೊಳೆಯ ದಂಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಬೆಳೆದವಳು. ಹಕ್ಕಲಿನ ಬಗ್ಗೆ ಕೇಳಿದ್ದೀರಿ, ಹೇಳ್ತೀನಿ ಕೇಳಿ.

ಹಿಂಗಾರಿ ಬಿಳಿಜೋಳ ಕಿತ್ತು, ತೆನೆ ಮುರಿದು ಕಣಕ್ಕೆ ಸಾಗಿಸಿದ ಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಉಳಿದಿರುತ್ತೆ. ಕೈ ಜಾರಿ ಬಿದ್ದದ್ದು, ಮುರಿದು ಅರ್ಧ ಆದದ್ದು, ಹಕ್ಕಿ ತಿಂದು ಬಿಟ್ಟದ್ದು. ಅದೇ ಹಕ್ಕಲು. ಹೊಲ ಇಲ್ಲದ ಹೆಂಗಸರು, ಮಕ್ಕಳು ಬಂದು ಆರಿಸಿಕೊಳ್ಳುತ್ತಿದ್ದರು. ಕೇಳೋಕೆ ಸುಲಭ. ಆದರೆ ಆ ಹೊತ್ತಿಗೆ ಎರಿ ನೆಲ ಬಾಯಿ ಬಿಟ್ಟಿರುತ್ತೆ, ಒಂದೊಂದು ಬಿರುಕಿನಲ್ಲಿ ಅಂಗೈ ಪೂರ್ತಿ ಇಳಿಯುತ್ತೆ. ಒಳ್ಳೆ ತೆನೆ ಅದರೊಳಗೇ ಬಿದ್ದಿರುತ್ತೆ. ಕೈ ಹಾಕಬೇಕು. ಚೇಳು ಇದೆಯೋ ತೆನೆ ಇದೆಯೋ ಹಾಕಿದ ಮೇಲೆ ಗೊತ್ತಾಗೋದು. ಹೊತ್ತು ಮೂಡಿದಾಗಿಂದ ಸಂಜೆವರೆಗೆ ಬಗ್ಗಿದರೆ ಒಂದು ಉಡಿ ತುಂಬ ತೆನೆ. ಬಡಿದು ತೂರಿದರೆ ಎರಡು ಮೂರು ಸೇರು ಜೋಳ, ಅಷ್ಟೇ.

ಈಗ ರೂತಳ ಲೆಕ್ಕ ನೋಡಿ. ಸಂಜೆ ಆರಿಸಿದ್ದನ್ನು ಬಡಿದಾಗ ಒಂದು ಏಫಾ ಜವೆಗೋಧಿ ಆಯಿತು ಅಂತ ಇದೆ. ಏಫಾ ಅಂದರೆ ಸುಮಾರು 22 ಲೀಟರಿನ ಅಳತೆ. ನಮ್ಮ ನೀರಿನ ಬಕೆಟ್ ತುಂಬಿ ಇನ್ನೂ ಮಿಕ್ಕುವಷ್ಟು ಕಾಳು. ಒಂದೇ ದಿನಕ್ಕೆ! ನಾನು ಚಿಕ್ಕವಳಿದ್ದಾಗ ಇದನ್ನು ಓದಿ ಅವ್ವನಿಗೆ "ಇದು ಸುಳ್ಳು" ಅಂದಿದ್ದೆ. ಅವ್ವ ಹದಿನಾರನೇ ವಚನ ತೋರಿಸಿದರು. ಆ ಹೊಲದ ಮಾಲೀಕ ಬೋವಜ ತನ್ನ ಆಳುಗಳಿಗೆ, ಕಟ್ಟಿದ ಸಿವುಡಿನಿಂದಲೇ ಬೇಕಂತ ಕಿತ್ತು ಬಿಡಿ, ಅವಳನ್ನು ಗದರಿಸಬೇಡಿ ಅಂದಿದ್ದ. ರೂತಳಿಗೆ ಅದು ಗೊತ್ತಿಲ್ಲ. ಮನೆಗೆ ಬಂದಾಗ ಕಾಳು ನೋಡಿದ ಕೂಡಲೇ ನೊವೊಮಿಗೆ ಗೊತ್ತಾಯಿತು. ಅದಕ್ಕೇ ಬಾಯಿಂದ ಬಂದ ಮೊದಲ ಮಾತು "ಇವತ್ತು ಎಲ್ಲಿ ಆರಿಸಿದೆ?" ಹಕ್ಕಲು ಕಂಡವಳಿಗೆ ಆ ಪ್ರಶ್ನೆ ಅರ್ಥ ಆಗುತ್ತೆ.

ಇನ್ನೊಂದು. ಹಕ್ಕಲು ಭಿಕ್ಷೆ ಅಲ್ಲ. ಹೊಲದ ಅಂಚು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವರಿಗೆ ಮತ್ತು ಪರದೇಶದವರಿಗೆ ಅಂತ ಯಾಜಕಕಾಂಡ 19ರಲ್ಲಿ ಇದೆ. ಧರ್ಮೋಪದೇಶಕಾಂಡ 24ರಲ್ಲಿ ವಿಧವೆಯರನ್ನೂ ಸೇರಿಸಿದೆ. ರೂತಳು ಬಡವಿ, ಪರದೇಶದವಳು, ವಿಧವೆ. ಮೂರೂ ಲೆಕ್ಕದಲ್ಲಿ ಅದು ಅವಳ ಹಕ್ಕು. ಆದರೆ ಹಕ್ಕು ಪುಸ್ತಕದಲ್ಲಿರುತ್ತೆ, ಹೊಲದಲ್ಲಿ ಮಾಲೀಕ ಇರ್ತಾನೆ. ನಮ್ಮ ಕಡೆ ಒಬ್ಬರು ತೆನೆ ಸಾಗಿಸಿದ ಸಂಜೆಯೇ ಕುರಿ ಬಿಡಿಸುತ್ತಿದ್ದರು, ಹಕ್ಕಲಿನವರು ಬೆಳಗ್ಗೆ ಬರುವಷ್ಟರಲ್ಲಿ ಏನೂ ಇರಬಾರದು ಅಂತ. ಒಂಟಿ ಹೆಣ್ಣಿಗೆ ಇನ್ನೊಂದು ಭಯ. ಅದಕ್ಕೇ ಬೋವಜ "ಮುಟ್ಟಬಾರದು ಅಂತ ಆಳುಗಳಿಗೆ ಹೇಳಿದ್ದೇನೆ" ಅನ್ನೋದು, ನೊವೊಮಿ "ಬೇರೆ ಹೊಲಕ್ಕೆ ಹೋಗಬೇಡ, ಅವನ ಹೆಣ್ಣಾಳುಗಳ ಜೊತೆಗೇ ಇರು" ಅನ್ನೋದು. ಪ್ರಸಂಗಗಳಲ್ಲಿ ಈ ಮಾತನ್ನು ಯಾಕೆ ಹಾರಿಸ್ತಾರೋ ಗೊತ್ತಿಲ್ಲ. ಕೂಲಿಗೆ ಹೋಗುವ ಹೆಂಗಸರು ಕೂಟದಲ್ಲಿ ಇದ್ದರೆ ಇದನ್ನು ಓದಿ ಹೇಳಿ, ಅವರಿಗೆ ವಿವರಣೆ ಬೇಕಾಗಲ್ಲ.

ಮಧ್ಯಾಹ್ನದ ಊಟ ಮರೀಬೇಡಿ. ಬೋವಜ ಹುರಿಗಾಳು ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು, ಉಳಿದದ್ದನ್ನು ಕಟ್ಟಿಕೊಂಡು ಹೋಗಿ ಸಂಜೆ ನೊವೊಮಿಯ ಕೈಗಿಟ್ಟಳು. ನಮ್ಮ ಸೀತನಿ (ಸುಟ್ಟ ಎಳೆ ಜೋಳದ ಕಾಳು) ಕಾಲದಲ್ಲಿ ಮಕ್ಕಳು ಹಾಗೇ ಮಾಡೋರು. ನನ್ನ ತರಗತಿಯಲ್ಲಿ ಒಬ್ಬಳಿದ್ದಳು, ಯಾರದೋ ಹೊಲದಲ್ಲಿ ಕೊಟ್ಟ ಸೀತನಿಯನ್ನು ಲಂಗದ ತುದಿಗೆ ಗಂಟು ಹಾಕಿಕೊಂಡು ಶಾಲೆಗೆ ಬಂದಿದ್ದಳು. ಇಡೀ ದಿನ ಬಿಚ್ಚಲಿಲ್ಲ. ಸುಟ್ಟ ಜೋಳದ ವಾಸನೆ ಕೋಣೆಯೆಲ್ಲ. "ತಿನ್ನೇ" ಅಂದರೆ "ಆಯಿಗೆ ರೀ" ಅಂದಳು. ಆಯಿಗೆ, ಅಂದರೆ ಅಜ್ಜಿಗೆ, ಹಲ್ಲಿರಲಿಲ್ಲ, ಎಳೆಯ ಸೀತನಿ ಮಾತ್ರ ನುರೀತಿದ್ದರು.

ಜೋಳದ ಮಾತು ಬಂತಲ್ಲ, ನನಗೆ ಎಲ್ಲರಿಗಿಂತ ಹತ್ತಿರದವಳು ರಿಚ್ಪ. 2 ಸಮುವೇಲ 21. ಹಿಂದಿನ ರಾಜ ಸೌಲನ ಮನೆಯ ಏಳು ಜನರನ್ನು ಕೊಂದು ಬೆಟ್ಟದ ಮೇಲೆ ತೂಗುಹಾಕ್ತಾರೆ, ಅದರಲ್ಲಿ ಇಬ್ಬರು ಅವಳ ಮಕ್ಕಳು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಸುಗ್ಗಿ ಶುರುವಾದಾಗಿಂದ ಮಳೆ ಬೀಳುವವರೆಗೆ ಕೂತಳು. ಹಗಲು ಹಕ್ಕಿ, ರಾತ್ರಿ ಮೃಗ ಹತ್ತಿರ ಬರದ ಹಾಗೆ ಕಾಯ್ದಳು. ನಾನು ಅಟ್ಟಣಿಗೆ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಕಾಯ್ದವಳು. ಒಂದು ತಾಸಿಗೆ ತೋಳು ಬಿದ್ದುಹೋಗುತ್ತೆ. ಇಡೀ ಅಧ್ಯಾಯದಲ್ಲಿ ಅವಳ ಒಂದು ಮಾತೂ ಇಲ್ಲ. ಅವಳು ಮಾಡಿದ್ದು ಕಿವಿಗೆ ಬಿದ್ದ ಮೇಲೆ ದಾವೀದ ರಾಜ ಸೌಲ, ಯೋನಾತಾನರ ಎಲುಬನ್ನೂ ತರಿಸಿ ಹೂಳಿಸಿದ. ಇದು ನಿಮ್ಮ ವಿಷಯಕ್ಕೆ ಬರಲ್ಲ, ಸುಮ್ನೆ ಹೇಳಿದೆ.

ಕ್ಯಾಂಪಿನ ಹುಡುಗ:

ಬೆಳಗಾವಿಯಿಂದ. ದೇವಶಾಸ್ತ್ರ ಓದುತ್ತಿದ್ದೇನೆ, ಹೀಬ್ರೂ ಒಂದು ವರ್ಷ ಕಲಿತು ಅರ್ಧ ಮರೆತಿದ್ದೇನೆ. ಆದರೆ ಒಂದು ಮಾತು ಮರೆತಿಲ್ಲ, ಅದು ನಿಮಗೆ ಉಪಯೋಗಕ್ಕೆ ಬರಬಹುದು.

ರೂತಳು 3:11ರಲ್ಲಿ ಬೋವಜ ಅವಳಿಗೆ, ನೀನು ಗುಣವಂತೆ ಅಂತ ಊರಿಗೆಲ್ಲ ಗೊತ್ತು ಅಂತಾನೆ. ಹೀಬ್ರೂನಲ್ಲಿ ಅಲ್ಲಿರೋದು 'ಏಷೆತ್ ಹಯಿಲ್'. ಜ್ಞಾನೋಕ್ತಿ 31:10ರಲ್ಲಿ "ಗುಣವತಿಯಾದ ಸತಿ ಎಲ್ಲಿ ಸಿಕ್ಕಾಳು" ಅಂತ ಮದುವೆಗಳಲ್ಲಿ ಓದ್ತಾರಲ್ಲ, ಅಲ್ಲೂ ಅದೇ ಎರಡು ಶಬ್ದ. 'ಏಷೆತ್' ಅಂದರೆ ಹೆಂಗಸು. 'ಹಯಿಲ್' ಅಂದರೆ ಬಲ, ಶೌರ್ಯ. ಸೈನ್ಯಕ್ಕೂ ಅದೇ ಶಬ್ದ, ಆಸ್ತಿಗೂ ಅದೇ. ಗಿದ್ಯೋನನನ್ನು ದೇವದೂತ ಪರಾಕ್ರಮಶಾಲಿ ಅಂತ ಕರೆದಾಗ ಅಲ್ಲೂ 'ಹಯಿಲ್' ಇದೆ. ರೂತಳು 2:1ರಲ್ಲಿ ಬೋವಜನನ್ನು ಪರಿಚಯ ಮಾಡುವಾಗಲೂ ಇದೆ, ಅಲ್ಲಿ ಅವನು ದೊಡ್ಡ ಆಸ್ತಿವಂತ ಆಗ್ತಾನೆ. ಗಂಡಸಿಗೆ ಬಂದರೆ ಪರಾಕ್ರಮ, ಐಶ್ವರ್ಯ. ಹೆಂಗಸಿಗೆ ಬಂದರೆ ಗುಣ! ಇದು ನಮ್ಮ ಕನ್ನಡದ್ದೊಂದೇ ತಪ್ಪಲ್ಲ, ಬೇರೆ ಭಾಷೆಗಳಲ್ಲೂ ಹೀಗೇ ಆಗಿದೆ.

ಪೂರ್ತಿ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕೆಲಸ. ಅವರು ಒಮ್ಮೆ ನಮ್ಮ ಕಡೆ ಬಂದು ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸರ ಹತ್ತಿರ ನಿಂತಿದ್ದರೆ ಸರಿಯಾದ ಶಬ್ದ ಸಿಗುತ್ತಿತ್ತು ಅಂತ ನನಗೆ ಅನಿಸುತ್ತೆ. 'ಗಟ್ಟಿಗಿತ್ತಿ'. "ನೀನು ಗಟ್ಟಿಗಿತ್ತಿ ಅಂತ ಊರಿಗೆಲ್ಲ ಗೊತ್ತು." ಓದಿ ನೋಡಿ, ಹೇಗೆ ಕೂರುತ್ತೆ.

ಜ್ಞಾನೋಕ್ತಿ 31 ಕೂಡ ಹಾಗೇ ಓದಬೇಕು. ಆಕೆ ಹೊಲ ನೋಡಿ ಕೊಂಡುಕೊಳ್ತಾಳೆ, ತನ್ನ ದುಡಿಮೆಯ ದುಡ್ಡಲ್ಲಿ ದ್ರಾಕ್ಷಿ ತೋಟ ಹಾಕಿಸ್ತಾಳೆ, ಬಟ್ಟೆ ನೇಯ್ದು ವ್ಯಾಪಾರಿಗಳಿಗೆ ಮಾರ್ತಾಳೆ. ಗಂಡ ಊರಬಾಗಿಲಲ್ಲಿ ಹಿರಿಯರ ಜೊತೆ ಕೂತಿರ್ತಾನೆ. ಗುಳೇದಗುಡ್ಡದವರಿಗೆ ನಾನೇನು ಹೇಳಲಿ.

ಜಮಖಂಡಿ ಟೈಪಿಸ್ಟ್:

ಒಂದು ತಕರಾರು. ನಾನು ಕೋರ್ಟಿನ ಕಾಗದ ಟೈಪ್ ಮಾಡಿ ಮಾಡಿ ಮುದುಕನಾದವನು, ಪೂರ್ತಿ ಕಾಗದ ಓದದೆ ವಾದ ಮಾಡೋದು ನನಗೆ ಸೇರಲ್ಲ. ರೂತಳು ಅತ್ತೆಯ ಮಾತು ಕೇಳಲಿಲ್ಲ ಅಂತ ಬರೆದಿರಿ. ಮೂರನೇ ಅಧ್ಯಾಯ ಐದನೇ ವಚನ ನೋಡಿ. "ನೀನು ಹೇಳಿದ್ದನ್ನೆಲ್ಲ ಮಾಡುತ್ತೇನೆ" ಅಂತ ರೂತಳೇ ಹೇಳಿದ್ದಾಳೆ. ರಾತ್ರಿ ಬೋವಜ ಮಲಗಿದ್ದ ಕಣಕ್ಕೆ ಹೋಗಿದ್ದೂ ಅತ್ತೆ ಹೇಳಿದ್ದಕ್ಕೇ. ಇದನ್ನು ಬಿಟ್ಟು ಮೊದಲನೇ ಅಧ್ಯಾಯ ಮಾತ್ರ ಹಿಡಿದರೆ ನಿಮ್ಮ ಅತ್ತೆಯ ಮೊಣಕೈಗೆ ನ್ಯಾಯ ಸಿಕ್ಕಂತಾಗುತ್ತೆ.

ಧೈರ್ಯದ ಹೆಣ್ಣುಮಕ್ಕಳೇ ಬೇಕಿದ್ದರೆ ಅರಣ್ಯಕಾಂಡ 27ರ ಚಲ್ಪಹಾದನ ಐದು ಹೆಣ್ಣುಮಕ್ಕಳಿದ್ದಾರಲ್ಲ. ಅಪ್ಪ ಸತ್ತ, ಗಂಡುಮಕ್ಕಳಿಲ್ಲ. ಐವರೂ ಗುಡಾರದ ಬಾಗಿಲಿಗೆ ಹೋಗಿ, ಮೋಶೆ, ಯಾಜಕ, ಮುಖಂಡರು ಎಲ್ಲರ ಎದುರು ನಿಂತು, ನಮಗೂ ಭೂಮಿ ಕೊಡಿ ಅಂದರು. ಅವರು ಹೇಳೋದು ಸರಿ ಅಂತ ದೇವರೇ ತೀರ್ಪು ಕೊಟ್ಟ. ಆಮೇಲೆ 36ನೇ ಅಧ್ಯಾಯದಲ್ಲಿ ತಮ್ಮ ಕುಲದೊಳಗೇ ಮದುವೆಯಾಗಬೇಕು ಅಂತ ಷರತ್ತು ಬಂತು. ಷರತ್ತಿಲ್ಲದೆ ಹೆಣ್ಣುಮಕ್ಕಳಿಗೆ ಕೊಟ್ಟದ್ದು ನನ್ನ ಟೈಪ್‌ರೈಟರ್ ಕಡಿಮೆ ನೋಡಿದೆ. ನಮ್ಮ ದೇಶದಲ್ಲಿ ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ ಇದೆ, ಅಪ್ಪ ಉಯಿಲು ಬರೆಯದೆ ಸತ್ತರೆ ಮಗ, ಮಗಳಿಗೆ ಸಮಪಾಲು. ಅದು ಗೊತ್ತಿದ್ದೂ 'ತಂಗಿ ಬಿಟ್ಟುಕೊಟ್ಟಿದ್ದಾಳೆ' ಅಂತ ಕಾಗದ ಮಾಡಿಸೋಕೆ ಬರುವ ಅಣ್ಣಂದಿರು ಭಾನುವಾರ ಪ್ರಸಂಗವನ್ನೂ ಕೇಳ್ತಾರೆ.

ಡೋಣಿ ದಂಡೆಯ ಟೀಚರ್:

ಟೈಪಿಸ್ಟರೇ, ಐದನೇ ವಚನ ಓದಿದಿರಿ, ಸರಿ. ನಾಲ್ಕು ಮತ್ತು ಒಂಬತ್ತನ್ನೂ ಓದಿ. "ಸುಮ್ಮನೆ ಹೋಗಿ ಮಲಗು, ಏನು ಮಾಡಬೇಕು ಅಂತ ಅವನೇ ಹೇಳ್ತಾನೆ" ಅನ್ನೋದು ನೊವೊಮಿಯ ಮಾತು. ರಾತ್ರಿ ಬೋವಜ ಬೆಚ್ಚಿ ಎದ್ದು "ಯಾರು ನೀನು" ಅಂದಾಗ ರೂತಳು ಅವನು ಹೇಳೋದಕ್ಕೆ ಕಾಯಲಿಲ್ಲ. ಹೆಸರು ಹೇಳಿದಳು. ನಿನ್ನ ಹೊದಿಕೆಯ ಅಂಚು ನನ್ನ ಮೇಲೆ ಹಾಕು, ನೀನು ಹತ್ತಿರದ ಸಂಬಂಧಿ ಅಂತ, ಅಂದರೆ ನನ್ನನ್ನು ಮದುವೆಯಾಗು ಅಂತ, ತಾನೇ ಕೇಳಿದಳು. ಏನು ಮಾಡಬೇಕು ಅಂತ ಹೇಳಿದ್ದು ಅವಳು!

ಜಮಖಂಡಿ ಟೈಪಿಸ್ಟ್:

ಓದಿದೆ. ತಕರಾರು ಅರ್ಧ ವಾಪಸ್.

ಗುಳೇದಗುಡ್ಡದ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಕೂಟ ಮುಗಿಯಿತು. ಏನಾಯಿತು ಅಂತ ಬರೆಯಬೇಕಲ್ಲ.

ಹಿಂದಿನ ದಿನ ರಾತ್ರಿ ಅಡುಗೆಮನೆಯಲ್ಲಿ ಮಗಳನ್ನು ಕೂರಿಸಿಕೊಂಡು ಜೋರಾಗಿ ಓದಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಟೀಚರ್ ಹೇಳಿದ ಹಕ್ಕಲಿನ ಭಾಗ. ಅತ್ತೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತಿತು. "ಅದು ಜ್ವಾಳದ್ದು ಹೇಳಾಕತ್ತಿ. ಶೇಂಗಾದ್ದು ಹಂಗಲ್ಲ" ಅಂದರು.

ಹನ್ನೊಂದು ವರ್ಷದಲ್ಲಿ ಇದನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ಅತ್ತೆ ಎಂಟು ಒಂಬತ್ತು ವರ್ಷದವರಿದ್ದಾಗ ಶೇಂಗಾ ಹಕ್ಕಲಿಗೆ ಹೋಗುತ್ತಿದ್ದರಂತೆ. ಬಳ್ಳಿ ಕಿತ್ತ ಮೇಲೆ ಮಣ್ಣಲ್ಲಿ ಕಾಯಿ ಉಳಿದಿರುತ್ತವೆ. ಕುರ್ಚಗಿಯಿಂದ ಕೆದರಬೇಕು, ಇಲ್ಲ ಬೆರಳಿಂದ. ಮಳೆ ಬಿದ್ದಿದ್ದರೆ ಸುಲಭ, ಒಣಗಿದ್ದರೆ ಉಗುರಿನೊಳಗೆ ರಕ್ತ. ಒಂದು ದಿನ ಉಡಿ ತುಂಬ ಆಗಿತ್ತು. ಹೊಲದವರ ಆಳು ಬಂದು "ಕದ್ದೀಯೇನ" ಅಂತ ಉಡಿ ಬಿಚ್ಚಿಸಿ ಎಲ್ಲಾ ಸುರುವಿಕೊಂಡು ಹೋದನಂತೆ. ಅತ್ತೆ ಹೇಳುತ್ತಾ ಹಿಟ್ಟಿನ ಕೈಯಲ್ಲೇ ಸೆರಗು ಹಿಡಿದು ತೋರಿಸಿದರು. "ಮನಿಗೆ ಬರೋ ಮುಂದ ಬಾಯಾಗ ನಾಕ್ ಕಾಯಿ ಇಟ್ಕೊಂಡಿದ್ನಿ. ನಮ್ಮವ್ವಗ ಕೊಟ್ಟ್ನಿ." ಆಮೇಲೆ ಮತ್ತೆ ರೊಟ್ಟಿಗೆ ತಿರುಗಿದರು. ತವೆ ಮೇಲಿದ್ದದ್ದು ಕರಿಯಾಗಿತ್ತು. ಅದನ್ನು ತಾವೇ ತಿಂದರು.

ಕೂಟದಲ್ಲಿ ನಾನು ಬರೆದಿಟ್ಟಿದ್ದ ಹಾಳೆ ಅರ್ಧ ಬಿಟ್ಟೆ. ಒರ್ಪಳ ವಿಷಯ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಮುಂದಿನ ಸಾಲು ಗಪ್ಪಾಯಿತು. 'ಗಟ್ಟಿಗಿತ್ತಿ' ಅಂದಾಗ ಒಬ್ಬ ಅಜ್ಜಿ "ಹೌದ್ ನೋಡವಾ" ಅಂತ ಜೋರಾಗೇ ಅಂದರು. ಏಫಾ ತೋರಿಸಲು ಸಭೆಯ ಬಕೆಟ್ ಇಟ್ಟಿದ್ದೆ, ಅದು ಚೆನ್ನಾಗಿ ಕೆಲಸ ಮಾಡಿತು. ಶೇಂಗಾದ ವಿಷಯ ನಾನು ಹೇಳಲಿಲ್ಲ. ಹಕ್ಕಲು ಆರಿಸಿದವರು ಇಲ್ಲಿ ಯಾರಾದರೂ ಇದ್ದೀರಾ ಅಂತ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಕೈ ಎತ್ತಲಿಲ್ಲ. ನಮ್ಮ ಅತ್ತೆ ಎತ್ತಿದರು. ಆಮೇಲೆ ಇನ್ನೂ ಆರು ಕೈ. ನನ್ನ ಹದಿನೈದು ನಿಮಿಷದಲ್ಲಿ ಕೊನೆಯ ಐದು ಅವರೇ ಮಾತಾಡಿಕೊಂಡರು. ನಾನು ನಿಂತೇ ಕೇಳಿದೆ.

ವಾಪಸ್ ಬರುವಾಗ ದಾರಿಯಲ್ಲಿ ಅತ್ತೆ ಮಾತಾಡಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಮನೆ ಬಾಗಿಲ ಹತ್ತಿರ ಬಂದಾಗ ಕೇಳಿದರು, "ಆಕಿ ಒರ್ಪ, ಮುಂದ ಏನಾದ್ಳು?"

"ಬರೆದಿಲ್ಲ ಅತ್ತಿ" ಅಂದೆ.

ಚಪ್ಪಲಿ ಬಿಚ್ಚುತ್ತಾ ನಿಂತರು. "ಪಾಪ. ಆಕೀನೂ ಗಂಡನ್ನ ಕಳಕೊಂಡಾಕೀನ ಅಲ್ಲೇನು" ಅಂದು ಒಳಗೆ ಹೋದರು.